ತೊಳೆಯದೆ ಬಳಿದ ಬಣ್ಣ

"ಕಣ್ಣಿದೆಯೇನೋ ನಿಂಗೆ? ಇದನ್ನ ಬಣ್ಣ ಅಂತಾರೇನೋ? ಉಗುರಲ್ಲಿ ಮುಟ್ಟಿದ್ರೆ ಚಕ್ಕೆ ಎದ್ದು ಬರುತ್ತೆ, ಕಳ್ ನನ್ಮಗನೆ!"

ಮಾಲೀಕ ಅನಿರುದ್ಧ ಎಸೆದ ಡಬ್ಬ ದೇವಯ್ಯನ ಮೊಣಕಾಲಿಗೆ ಬಡಿದು ಶೆಡ್ಡಿನ ನೆಲದ ಮೇಲೆ ಹೊರಳಿತು. ಮುಚ್ಚಳದ ಅಂಚಿನಿಂದ ಹಪ್ಪಳದ ಚೂರಿನಂತೆ ಕಪ್ಪು ಬಣ್ಣ ಉದುರಿತು. ದೇವಯ್ಯ ಕಾಲು ಉಜ್ಜಿಕೊಳ್ಳಲೂ ಬಗ್ಗಲಿಲ್ಲ. ಕೈಯಲ್ಲಿದ್ದ ಸ್ಪ್ರೇ ಗನ್ನನ್ನು ಮೆಲ್ಲಗೆ ಗೂಟಕ್ಕೆ ಸಿಕ್ಕಿಸಿ ತಲೆ ತಗ್ಗಿಸಿ ನಿಂತ. ಮೂಲೆಯಲ್ಲಿ ಕೂತು ಡಬ್ಬವೊಂದಕ್ಕೆ ಒರಟು ಎಮರಿ ಕಾಗದ ಉಜ್ಜುತ್ತಿದ್ದ ಅವನ ಹೆಂಡತಿ ಸಿದ್ದಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಗಂಡನನ್ನು ಅವಳೂ ಬೈಯುತ್ತಾಳೆ, ಕುಡಿದು ಬಂದ ದಿನ ಎರಡು ಬಿಟ್ಟದ್ದೂ ಉಂಟು. ಆದರೆ ಮೂವತ್ತು ವರ್ಷ ಬಣ್ಣ ಹೊಡೆದವನನ್ನು, ಇನ್ನೂ ಮೂವತ್ತು ತುಂಬದವನೊಬ್ಬ ಕಳ್ಳ ಅಂದದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ.

ಡಬ್ಬವೆಂದರೆ ದೊಡ್ಡ ಬೈಕುಗಳ ಹಿಂಬದಿಗೆ ಎರಡೂ ಪಕ್ಕ ಬಿಗಿಯುವ ಫೈಬರ್ ಪೆಟ್ಟಿಗೆ. ಅನಿರುದ್ಧ ಅದನ್ನು ಸ್ಯಾಡಲ್ ಬ್ಯಾಗ್ ಎಂದು ಫೋನಿನಲ್ಲೇ ಮಾರುತ್ತಾನೆ, 'ಲೈಫ್‌ಟೈಮ್ ಫಿನಿಶ್' ಎಂದು ಬಾಲವೊಂದನ್ನು ಸೇರಿಸುತ್ತಾನೆ. ಎರಡು ಬಿಸಿಲು, ಒಂದು ಮಳೆ, ನಂದಿ ಬೆಟ್ಟಕ್ಕೆ ಮೂರು ಸಲ ಹೋಗಿ ಬಂದರೆ ಆ ಲೈಫು ಮುಗಿಯುತ್ತಿತ್ತು. ಮೊದಲು ತಿರುಪಿನ ಸುತ್ತ ಕೂದಲೆಳೆಯಷ್ಟು ಬಿರುಕು, ಆಮೇಲೆ ಗುಳ್ಳೆ, ಆಮೇಲೆ ಬಣ್ಣವೇ ಹಾಳೆಹಾಳೆಯಾಗಿ ಏಳುವುದು. ಈ ತಿಂಗಳು ಹದಿನೇಳು ಜೊತೆ ವಾಪಸ್ ಬಂದಿದ್ದವು.

ಯಾಕೆಂದು ಸಿದ್ದಮ್ಮನಿಗೆ ಗೊತ್ತಿತ್ತು. ಫೈಬರ್ ಸಲೀಸಾಗಿ ಬಿಡಲಿ ಎಂದು ಅಚ್ಚಿಗೆ ಮೇಣ ಬಳಿದಿರುತ್ತಾರೆ. ಡಬ್ಬ ಹೊರಬರುವಾಗ ಆ ಮೇಣವನ್ನು ಮೈಗೆ ಅಂಟಿಸಿಕೊಂಡೇ ಬರುತ್ತದೆ. ಸೋಪು ಹಾಕಿ, ಹರಿಯುವ ನೀರಿನಲ್ಲಿ, ಕೈಗೆ ಜಾರುವುದು ನಿಲ್ಲುವವರೆಗೆ ತಿಕ್ಕಿ ತೊಳೆಯಬೇಕು. ಎಮರಿ, ತಳಲೇಪದ ಪ್ರೈಮರ್, ಬಣ್ಣ ಎಲ್ಲ ಆಮೇಲಿನ ಮಾತು. ಕಲಾಸಿಪಾಳ್ಯದ ಹಳೇ ಶೆಡ್ಡಿನಲ್ಲಿದ್ದಾಗ ಬೀದಿ ನಲ್ಲಿಯ ಕೆಳಗೆ ಕೂತು ದಿನಕ್ಕೆ ಹತ್ತು ಡಬ್ಬ ತೊಳೆಯುತ್ತಿದ್ದಳು. ಆಗ ದೇವಯ್ಯ ಹೊಡೆದ ಬಣ್ಣ, ಬೈಕು ಬಿದ್ದು ಡಬ್ಬ ಒಡೆದರೂ ಬಿಡುತ್ತಿರಲಿಲ್ಲ.

ಎಂಟು ತಿಂಗಳ ಹಿಂದೆ ಅನಿರುದ್ಧ ಆ ಶೆಡ್ಡು ಬಿಟ್ಟು ಕೆಲಸವನ್ನು ಬಸವನಗುಡಿಯ ತನ್ನ ಮನೆಯ ಹಿತ್ತಲಿಗೆ ತಂದ. ಅಜ್ಜನ ಕಾಲದ ದನದ ಕೊಟ್ಟಿಗೆಗೆ ಶೀಟು ಹೊದಿಸಿದ. ಕೆಲಸದವರು ಬರಬೇಕಾದ್ದು ಹಿಂದಿನ ಸಂದಿಯಿಂದ. ಒಂದು ಕಾಲದಲ್ಲಿ ಕಕ್ಕಸು ಬಳಿಯುವವರಿಗೆಂದೇ ಬಿಟ್ಟಿದ್ದ ಸಂದಿ ಅದು. ಶೆಡ್ಡಿನಿಂದ ಹದಿನೈದು ಹೆಜ್ಜೆಗೆ, ತುಳಸಿಕಟ್ಟೆಯ ಪಕ್ಕದಲ್ಲಿ, ಒಂದು ಹಿತ್ತಾಳೆ ನಲ್ಲಿಯಿತ್ತು. ಮೊದಲ ದಿನ ಸಿದ್ದಮ್ಮ ಡಬ್ಬ ಹಿಡಿದು ಅತ್ತ ನಡೆದಾಗ ಅಡುಗೆಮನೆ ಬಾಗಿಲಿನಿಂದ ಅನಿರುದ್ಧನ ತಾಯಿ ಶಕುಂತಲಮ್ಮ ಕೂಗಿದ್ದರು.

"ಏಯ್ ಏಯ್, ಅಲ್ಲೇ ನಿಲ್ಲೇ! ದೇವರಿಗೆ ನೀರು ಹಿಡಿಯೋ ನಲ್ಲಿ ಅದು. ನಿಂಗೆ ಬೇಕಾದ್ರೆ ಬಕೆಟ್ ಇಡು, ನಾನೇ ಹುಯ್ತೀನಿ."

ಅಂದಿನಿಂದ ದಿನಕ್ಕೆ ಎರಡು ಬಕೆಟ್. ಶಕುಂತಲಮ್ಮ ಕೊಡಪಾನವನ್ನು ಎತ್ತಿ ಹಿಡಿದು, ಅಂಚಿಗೆ ಅಂಚು ತಾಕದಂತೆ ಹುಯ್ಯುತ್ತಿದ್ದರು. ಅರ್ಧ ನೀರು ನೆಲದ ಪಾಲು. ಉಳಿದದ್ದರಲ್ಲಿ ಇಬ್ಬರೂ ಕುಡಿಯಬೇಕು, ಕೈ ತೊಳೆಯಬೇಕು, ಮಿಕ್ಕರೆ ಒಂದು ಡಬ್ಬ. ಸಿದ್ದಮ್ಮ ಅನಿರುದ್ಧನಿಗೆ ಮೂರು ಸಲ ಹೇಳಿದಳು. ಮೂರೂ ಸಲ ಅವನು ನಕ್ಕ.

"ನಾನು ಅದೆಲ್ಲ ನೋಡೋನಲ್ಲ ಸಿದ್ದಮ್ಮ, ನಿಮ್ಮ ಜೊತೇಲೇ ಕೂತು ಟೀ ಕುಡೀತೀನಿ. ಆದ್ರೆ ಅಮ್ಮಂಗೆ ವಯಸ್ಸಾಯ್ತು, ಅಡ್ಜಸ್ಟ್ ಮಾಡ್ಕೊಳ್ಳಿ. ಥಿನ್ನರ್ ಬಟ್ಟೇಲಿ ಒರೆಸ್ಬಿಡಿ, ಸಾಕು."

ಟೀ ಕುಡಿದದ್ದು ನಿಜ, ಪೇಪರ್ ಲೋಟದಲ್ಲಿ. ಥಿನ್ನರ್ ಬಟ್ಟೆಯೋ ಮೇಣವನ್ನು ತೆಗೆಯಲಿಲ್ಲ, ಡಬ್ಬದ ತುಂಬ ಹರಡಿತು.

"ಇಲ್ಲಿ ಕೇಳಿಸ್ಕೋ." ಅನಿರುದ್ಧ ಈಗ ದನಿ ಇಳಿಸಿ ದೇವಯ್ಯನ ಹತ್ತಿರ ಬಂದ. "ಇನ್ನರ್ಧ ಗಂಟೇಲಿ ರಾಘವ ಅಂತ ಒಬ್ರು ಬರ್ತಾರೆ, ಬೈಕ್ ಕ್ಲಬ್ಬಿನವರು. ವಾಪಸ್ ಬಂದಿರೋದ್ರಲ್ಲಿ ಮುಕ್ಕಾಲು ಪಾಲು ಅವ್ರ ಗುಂಪಿಂದೇ. ಅವ್ರ ಮುಂದೆ ಕೈ ಮುಗಿದು ಹೇಳು. ಪ್ರೈಮರ್ ಕದ್ದು ಮಾರ್ಕೊಂಡೆ, ಬಣ್ಣಕ್ಕೆ ಥಿನ್ನರ್ ಜಾಸ್ತಿ ಸುರಿದೆ, ಓನರ್‌ಗೆ ಗೊತ್ತಿರ್ಲಿಲ್ಲ ಅಂತ. ಅವ್ರು ವಿಡಿಯೋ ತಗೊಂಡು ಗ್ರೂಪಿಗೆ ಹಾಕ್ತಾರೆ. ಅಲ್ಲಿಗೆ ಮುಗೀತು. ನಿನ್ನ ಕೆಲಸದಿಂದ ತೆಗೆಯಲ್ಲ."

"ನಾನು ಕದ್ದಿಲ್ವಲ್ಲ ಸಾರ್."

"ಕದ್ದಿದೀಯ ಅಂತ ಯಾರೋ ಅಂದ್ರು? ಹೇಳು ಅಂದೆ, ಅಷ್ಟೇ."

ಅವನು ಮನೆಯೊಳಕ್ಕೆ ಹೋದ ಮೇಲೆ ದೇವಯ್ಯ ಮೊಣಕಾಲು ಹಿಡಿದುಕೊಂಡು ಥಿನ್ನರ್ ಕ್ಯಾನಿನ ಮೇಲೆ ಕೂತ. ಹೆಂಡತಿಯ ಮುಖ ನೋಡಲಿಲ್ಲ.

"ಯೋಳ್ಬುಡ್ತೀನಿ ಬುಡಮ್ಮಿ. ಒಂದ್ ಮಾತಲ್ವಾ? ಈ ವಯಸ್ನಾಗೆ ಇನ್ಯಾವೋನ್ ಕೆಲ್ಸ ಕೊಟ್ಟಾನು?"

"ಕಳ್ಳ ಅಂತ ನೀನೇ ಯೋಳ್ಕಂಡ್ಮ್ಯಾಲೆ ಯಾವ್ ಬೋಳಿಮಗ ಕೊಡ್ತಾನೆ? ಕಲಾಸಿಪಾಳ್ಯದ್ ಒಂದೊಂದ್ ಶೆಡ್ಡಿಗೂ ಓಯ್ತದೆ ಆ ವಿಡಿಯೋ. ನಿನ್ ಮಕ ಕಂಡ್ರೆ ಉಗೀತಾರೆ ಕಣಯ್ಯ."

"ಇನ್ನೇನ್ ಯೋಳ್ಲಿ? ಆಯಮ್ಮ ನೀರು ಬುಡ್ನಿಲ್ಲ ಅಂತ ಯೋಳ್ಲಾ? ಈ ಕಾಲ್ದಾಗೆ ಅಂಗೆಲ್ಲ ಎಲ್ಲೈತೆ ಅಂತಾರೆ. ಯಾರ್ ನಂಬ್ತಾರೆ?"

ನಂಬುವವರಿಲ್ಲ ಎಂಬುದು ನಿಜವೇ. ಅದಕ್ಕಿಂತ ಸಿದ್ದಮ್ಮನನ್ನು ತಿನ್ನುತ್ತಿದ್ದುದು ಬೇರೆ. ಕೆಲಸ ಕೆಡುತ್ತಿದೆಯೆಂದು ಕಣ್ಣಾರೆ ಕಂಡೂ, ಮೂರು ಸಲ ಹೇಳಿ ಸುಮ್ಮನಾಗಿ, ಎಂಟು ತಿಂಗಳು ಬಕೆಟ್ ಒಡ್ಡಿದವಳು ತಾನೇ ಅಲ್ಲವೇ? ಹಾಗೆ ಒಡ್ಡುವಾಗ ಬಗ್ಗಿದ ಸೊಂಟದ ನೆನಪಾಗಿ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ರಾಘವ ಮುಂಬಾಗಿಲಿನಿಂದ ಬಂದ. ಕಾಲೇಜಿನಲ್ಲಿ ಪಾಠ ಹೇಳುವ, ನಲವತ್ತು ದಾಟಿದ, ಮೆತ್ತಗಿನ ಮನುಷ್ಯ. ಶಕುಂತಲಮ್ಮ ಕೊಟ್ಟ ಕಾಫಿ ಕುಡಿದು, ತೋಳಿಗೆ ಹೆಲ್ಮೆಟ್ ಸಿಕ್ಕಿಸಿಕೊಂಡು ಅನಿರುದ್ಧನ ಹಿಂದೆ ಹಿತ್ತಲಿಗಿಳಿದ. ದೇವಯ್ಯನನ್ನು ಬಹುವಚನದಲ್ಲೇ ಮಾತಾಡಿಸಿದ.

"ನೋಡಿ, ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ನಮ್ಮ ಹುಡುಗ್ರು ಕೇಳ್ತಾರೆ, ಏನಾಯ್ತು ಅಂತ ಹೇಳಿದ್ರೆ ಸಾಕು." ಫೋನು ಎತ್ತಿ ಹಿಡಿದ. "ಹ್ಞೂಂ, ಹೇಳಿ."

ದೇವಯ್ಯ ಕೈ ಮುಗಿದ. ಉಗುರುಗಳ ಸಂದಿಯಲ್ಲೆಲ್ಲ ಕಪ್ಪು ಬಣ್ಣ.

"ನಾನು ದೇವಯ್ಯ, ಪೇಂಟರ್ರು. ಡಬ್ಬದ ಬಣ್ಣ ಬಿರುಕು ಬುಟ್ಟಿರಾದು ನನ್ ತಪ್ಪು. ನಾನು ಪ್ರೈಮರ್ನ..."

ಅಲ್ಲಿಗೆ ನಿಲ್ಲಿಸಿ ಅನಿರುದ್ಧನ ಕಡೆ ನೋಡಿದ.

"ಪ್ರೈಮರ್‌ನ ಏನ್ ಮಾಡ್ದೆ? ಹೇಳೋ," ಎಂದ ಅನಿರುದ್ಧ.

"ಪ್ರೈಮರ್ನ... ಕ..."

ಅವನ ಕಣ್ಣು ತುಂಬಿದವು. ಅಪ್ಪ ಸತ್ತಾಗಲೂ ಅಳದ ಗಂಡನ ಕಣ್ಣಲ್ಲಿ ನೀರು ಕಂಡು ಸಿದ್ದಮ್ಮ ಎದ್ದೇಬಿಟ್ಟಳು. ಬಣ್ಣ ಕಾಣದ ಹೊಸ ಡಬ್ಬಗಳು ಗೋಡೆ ಪಕ್ಕ ಇಪ್ಪತ್ತಾರಿದ್ದವು. ಒಂದನ್ನು ಎತ್ತಿ ತಂದು ರಾಘವನ ಎದೆಗೆ ಒಡ್ಡಿದಳು.

"ಇದ್ರ ಮ್ಯಾಲೆ ಬೆಳ್ಳು ಆಡ್ಸಿ ಸಾರ್."

ರಾಘವ ಗಾಬರಿಯಾಗಿ ಬೆರಳು ಆಡಿಸಿದ. "ಜಿಡ್ಡಿದೆ."

"ಮೇಣ ಸಾರ್. ಇದ್ರ ಮ್ಯಾಲೆ ದ್ಯಾವ್ರೇ ಬಂದು ಬಣ್ಣ ಒಡುದ್ರೂ ನಿಲ್ಲಾಕಿಲ್ಲ. ನೀರಾಕಿ ತೊಳೀಬೇಕು. ನಾವು ತೊಳುದಿಲ್ಲ, ಅದ್ಕೇ ಬಿರುಕು. ನನ್ ಗಂಡ ಒಂದ್ ತೊಟ್ಟು ಪ್ರೈಮರ್ ಕದ್ದಿಲ್ಲ."

"ಮತ್ತೆ ತೊಳೀಬಹುದಿತ್ತಲ್ಲಮ್ಮ?" ರಾಘವ ಸಹಜವಾಗಿಯೇ ಕೇಳಿದ. "ನಲ್ಲಿ ಅಲ್ಲೇ ಇದೆ."

ರಾಘವ ಅನಿರುದ್ಧನ ಮುಖ ನೋಡಿದ. ಅನಿರುದ್ಧ ತೆಂಗಿನ ಮರ ನೋಡುತ್ತಿದ್ದ. ರಾಘವ ಅಡುಗೆಮನೆಯ ಮೆಟ್ಟಿಲ ಮೇಲೆ ಒದ್ದೆ ಮಡಿಸೀರೆಯಲ್ಲಿ ನಿಂತಿದ್ದ ಶಕುಂತಲಮ್ಮನನ್ನು ನೋಡಿದ. ಶೆಡ್ಡಿನ ಬಾಗಿಲಲ್ಲಿದ್ದ ನೀಲಿ ಬಕೆಟ್ ನೋಡಿದ. ಅವನ ಮನೆಯಲ್ಲೂ ಇಂಥ ಒಬ್ಬ ತಾಯಿ ಇದ್ದಿರಬೇಕು, ನಲ್ಲಿಯ ಸಂಗತಿ ತಟ್ಟನೆ ಅರ್ಥವಾಯಿತು. ಅವನ ಹೆಬ್ಬೆರಳು ಫೋನನ್ನು ಆರಿಸಿತು.

"ಅನಿರುದ್ಧ್, ಇದು ನಿಮ್ಮ ಮನೆ ವಿಷಯ. ನಾನು ಇದ್ರಲ್ಲಿ ಬರಲ್ಲ. ಡಬ್ಬ ಸರಿ ಮಾಡ್ಕೊಡಿ, ಸಾಕು."

"ಯಾಕ್ ಸಾರ್ ಆರುಸ್ಬುಟ್ರಿ?" ಸಿದ್ದಮ್ಮ ಕೇಳಿದಳು. "ನನ್ ಗಂಡನ್ ಬಾಯಲ್ಲಿ ಕಳ್ಳ ಅನ್ನುಸ್ವಾಗ ಓಡ್ತಾ ಇತ್ತಲ್ಲ?"

ರಾಘವ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳತೊಡಗಿದ.

"ಮುಚ್ಚೇ ಬಾಯಿ, ಲೌಡಿ!" ಅನಿರುದ್ಧ ಅರಚಿದ. "ಇಬ್ರನ್ನೂ ಒದ್ದು ಆಚೆ ಹಾಕ್ತೀನಿ!"

ಸಿದ್ದಮ್ಮ ಶೆಡ್ಡಿಗೆ ಹೋಗಿ ಸೋಪಿನ ಬಿಲ್ಲೆ ತಂದಳು. ಡಬ್ಬವನ್ನು ಸೊಂಟಕ್ಕೆ ಇಟ್ಟುಕೊಂಡು ನಲ್ಲಿಯ ಕಡೆ ನಡೆದಳು. "ಸಿದ್ದೀ, ಬ್ಯಾಡ ಕಣಮ್ಮಿ," ಎಂದು ದೇವಯ್ಯ ಹಿಂದಿನಿಂದ ಕರೆದದ್ದು ಕೇಳಿಸಿತು. ಅವಳಿಗೂ ಭಯವಿತ್ತು. ಹದಿನೈದು ಹೆಜ್ಜೆ ನಡೆದು, ಕುಕ್ಕರಗಾಲಲ್ಲಿ ಕೂತು, ನಲ್ಲಿ ತಿರುಗಿಸಿದಳು. ನೀರು ರಭಸವಾಗಿ ಬಂತು.

"ಅಯ್ಯೋ ರಾಮ ರಾಮ! ಮುಟ್ಬಿಟ್ಳಲ್ಲೋ ಅನೀ! ಮುಟ್ಟಿಯೇಬಿಟ್ಳಲ್ಲೋ!"

ಅನಿರುದ್ಧ ಧಾವಿಸಿ ಬಂದು ಕೈ ಎತ್ತಿದ. ರಾಘವ ನೋಡುತ್ತಿದ್ದುದು ಕಂಡು ಎತ್ತಿದ ಕೈಯಲ್ಲಿ ಕೂದಲು ಸವರಿಕೊಂಡ. ಸಿದ್ದಮ್ಮ ಅವಸರ ಮಾಡಲಿಲ್ಲ. ಮೂಲೆ, ಅಂಚು, ತಿರುಪಿನ ತೂತು, ಎಲ್ಲವನ್ನೂ ಕಲಾಸಿಪಾಳ್ಯದಲ್ಲಿ ತೊಳೆಯುತ್ತಿದ್ದ ಹಾಗೇ ತಿಕ್ಕಿದಳು. ಮೇಲೆ ಬೆರಳೆಳೆದರೆ ಕೀಚ್ ಎನ್ನುವವರೆಗೆ ತೊಳೆದು, ನಲ್ಲಿ ನಿಲ್ಲಿಸಿ, ಡಬ್ಬವನ್ನು ಬಿಸಿಲಿಗೆ ಬೋರಲು ಹಾಕಿದಳು.

ಶಕುಂತಲಮ್ಮ ಹುಣಿಸೇಹಣ್ಣಿನ ಉಂಡೆ ಹಿಡಿದು ಮೆಟ್ಟಿಲಿಳಿದರು. ಸಿದ್ದಮ್ಮ ದೂರ ಸರಿಯುವವರೆಗೆ ಕಾದು, ನಲ್ಲಿಯನ್ನು ಹುಣಿಸೇಹಣ್ಣಿನಿಂದ ಗಸಗಸ ತಿಕ್ಕಿ, ಮೂರು ಚೊಂಬು ನೀರು ಸುರಿದು, ಏನನ್ನೋ ಮಣಮಣ ಅಂದುಕೊಂಡು ಒಳಗೆ ಹೋದರು. ಹಿತ್ತಾಳೆ ಪಳಪಳ ಹೊಳೆಯಿತು. ಸಿದ್ದಮ್ಮ ಎರಡನೇ ಡಬ್ಬ ತಂದು ಅದೇ ನಲ್ಲಿ ತಿರುಗಿಸಿದಳು.

"ಮತ್ತೆ ಮುಟ್ಟಿದ್ಯೇನೇ ಮುಂಡೆ! ಈಗಿನ್ನೂ ತೊಳೆದು ಹೋದೆನಲ್ಲೇ!"

"ಇನ್ನೂ ಇಪ್ಪತ್ನಾಕವೆ ಅಮ್ಮಾವ್ರೇ. ನಾ ಡಬ್ಬ ತೊಳೀತೀನಿ, ನೀವು ನಲ್ಲಿ ತೊಳೀರಿ."

ಶಕುಂತಲಮ್ಮ ತೊಳೆದರು. ಅವರಿಗೆ ಅರವತ್ತೈದು, ಬಗ್ಗಿ ಏಳುವಾಗ ಗೋಡೆ ಹಿಡಿಯಬೇಕಾಯಿತು. "ಅಮ್ಮಾ, ಬಿಡಮ್ಮಾ, ಒಳಗೆ ಹೋಗಮ್ಮಾ," ಎಂದ ಅನಿರುದ್ಧ. ಎಂಟು ತಿಂಗಳಲ್ಲಿ ಈ ವಿಷಯಕ್ಕೆ ಅವನು ತಾಯಿಗೆ ಆಡಿದ ಮೊದಲ ಮಾತು ಅದು. ರಾಘವ ಹೇಳದೆ ಕೇಳದೆ ಮುಂಬಾಗಿಲಿನಿಂದಲೇ ಹೊರಟುಹೋಗಿದ್ದ. ಬೀದಿಯಲ್ಲಿ ಬೈಕು ಗುಡುಗುಟ್ಟಿ ದೂರವಾಯಿತು.

ಮೂರನೇ ಡಬ್ಬಕ್ಕೆಂದು ಸಿದ್ದಮ್ಮ ತಿರುಗಿದಾಗ ದೇವಯ್ಯ ಅದನ್ನು ಹಿಡಿದು ಅವಳ ಹಿಂದೆಯೇ ನಿಂತಿದ್ದ. ಅವಳ ಕೈಗೆ ಕೊಟ್ಟು, ನಾಲ್ಕನೆಯದನ್ನು ತರಲು ಹೋದ. ಸಿದ್ದಮ್ಮನಿಗೆ ಆ ಕ್ಷಣ ಭಯ ಬಿಟ್ಟುಹೋಯಿತು.

ಈ ಸಲ ಶಕುಂತಲಮ್ಮ ಒಳಗೆ ಹೋಗಿರಲಿಲ್ಲ. ಹುಣಿಸೇಹಣ್ಣು ಮುಗಿದಿತ್ತು. ತುಳಸಿಕಟ್ಟೆಯ ಅಂಚಿಗೆ ಕೂತು, ಎರಡೂ ಕೈಗಳಿಂದ ನಲ್ಲಿಯ ಹಿಡಿಯನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಬಾ, ಈಗ ಹೇಗೆ ಮುಟ್ತೀಯೋ ನೋಡ್ತೀನಿ."

"ಕೈ ತೆಗೀರಿ ಅಮ್ಮಾವ್ರೇ."

"ತೆಗೆಯಲ್ಲ. ಪ್ರಾಣ ಹೋದ್ರೂ ತೆಗೆಯಲ್ಲ."

ಸಿದ್ದಮ್ಮ ಡಬ್ಬ ಕೆಳಗಿಟ್ಟಳು. ಸೋಪಿನ ನೊರೆಯ ತನ್ನ ಕೈಯನ್ನು ಆ ಮುದಿ ಕೈಗಳ ಮೇಲೆಯೇ ಇಟ್ಟು, ಒತ್ತಿ ಹಿಡಿದು, ನಲ್ಲಿ ತಿರುಗಿಸಿದಳು.

ನೀರು ಬಂತು.