ತಿರುವಿನ ಗೋಡೆ

ಕನ್ನಡಕದ ಅಂಗಡಿಯಲ್ಲಿ ಹಗಲೆಲ್ಲ ಬೇರೆಯವರ ಕಣ್ಣಿಗೆ ಗಾಜು ಕೂರಿಸಿ ಬಂದವನು, ಸಂಜೆಯಾಯಿತೆಂದರೆ ಮನೆಯ ಹಿಂದಿನ ಕೋಣೆ ಹೊಕ್ಕು ಟ್ರಾಮು ಕಟ್ಟುತ್ತಿದ್ದ. ಬೆರಳುದ್ದದ ಟ್ರಾಮುಗಳು. ತಗಡು ಕತ್ತರಿಸಿ ಮಾಡಿದ ಮೈ, ಮುರಿದ ಕನ್ನಡಕದ ಗಾಜಿನ ಚೂರಿನಿಂದ ಮಾಡಿದ ಕಿಟಕಿ, ನೆತ್ತಿಯ ಮೇಲೊಂದು ಸಣ್ಣ ಸಲಾಕೆ. ಸಲಾಕೆ ಮೇಲಿನ ತಂತಿಯನ್ನು ಮುಟ್ಟಿದ್ದೇ ತಡ, ಟ್ರಾಮು ಗುಂಯ್ ಎನ್ನುತ್ತ ಹೊರಡುತ್ತಿತ್ತು. ಅವರ ಊರಿಗೂ ಪಕ್ಕದ ಊರಿಗೂ ನಡುವೆ ಓಡುವ ಟ್ರಾಮಿನ ದಾರಿಯೇ ಆ ಉದ್ದನೆಯ ಮೇಜಿನ ಮೇಲೆ ಇಳಿದು ಬಂದಿತ್ತು: ಪೇಟೆಯ ನಿಲ್ದಾಣ, ಸೇತುವೆ, ಗೋದಾಮಿನ ತಿರುವು, ಹೊಲಗಳ ನಡುವಿನ ಒಂಟಿ ಹಳಿ. ಬೀದಿಯವರು ಅವನ ಹೆಸರು ಮರೆತು ಟ್ರಾಮಣ್ಣ ಎಂದೇ ಕರೆಯುತ್ತಿದ್ದರು.

ಆ ದಾರಿಯಲ್ಲಿ ನಿಜವಾದ ಟ್ರಾಮು ಓಡಿಸುತ್ತಿದ್ದವನು ಅವನ ಅಕ್ಕನ ಗಂಡ. ಕೆಲಸ ಮುಗಿಸಿ ಬಂದು, ಬಾಗಿಲಿಗೆ ಒರಗಿ, ಮೇಜು ನೋಡುತ್ತ ನಿಲ್ಲುವುದು ಅವನಿಗೂ ರೂಢಿ.

"ಟ್ರಾಮಣ್ಣೋರದು ಪುಣ್ಯದ ಸಂಸಾರ ನೋಡಿ. ಚಿಲ್ಲರೆ ಇಲ್ಲ ಅಂತ ಜಗಳ ಆಡೋರಿಲ್ಲ, ಬಾಗಿಲಲ್ಲಿ ನೇತಾಡೋರಿಲ್ಲ."

"ನಿಮ್ಮ ಟ್ರಾಮು ದಿನಾ ತಡ, ಭಾವ. ನನ್ನದು ಒಂದು ದಿನ ತಡ ಆಗಿದ್ರೆ ಹೇಳಿ!"

"ಜನಾನೇ ಇಲ್ಲದ ಮೇಲೆ ತಡ ಯಾರಿಗೋ, ಮಹಾರಾಯ?"

ಹೀಗೆ ನಗುತ್ತಿದ್ದ ಭಾವನ ಟ್ರಾಮಿಗೆ, ಹನಿ ಉದುರುತ್ತಿದ್ದ ಒಂದು ಬೆಳಿಗ್ಗೆ, ಗೋದಾಮಿನ ತಿರುವಿನಲ್ಲಿ ಒಬ್ಬಳು ಅಡ್ಡ ಬಂದಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದ ನರ್ಸು. ಹಳಿ ದಾಟುತ್ತಿದ್ದವಳು ಅಲ್ಲೇ ಪ್ರಾಣ ಬಿಟ್ಟಳು.

ಭಾವ ಹೇಳುತ್ತಿದ್ದುದು ಒಂದೇ ಮಾತು: ತಿರುವಿನ ಒಳಮಗ್ಗುಲಿಗೆ ಗೋದಾಮಿನ ಗೋಡೆ, ಅದನ್ನು ದಾಟಿ ಟ್ರಾಮಿನ ಮೂತಿ ಹೊರಳುವ ತನಕ ಮುಂದೇನಿದೆಯೋ ಕಾಣದು, ಕಂಡ ತಕ್ಷಣ ಬ್ರೇಕು ಹಾಕಿದೆ, ಜಾಗ ಸಾಲಲಿಲ್ಲ. ಕಂಪನಿ ಹೇಳಿದ್ದು, ದೂರದಿಂದಲೇ ಕಾಣುವ ಜಾಗ, ಇವನ ಗಮನ ಎಲ್ಲೋ ಇತ್ತು ಅಂತ. ವಿಚಾರಣೆಗೆ ದಿನ ಗೊತ್ತಾಗುವ ಮೊದಲೇ ರಸ್ತೆ ಅಗಲ ಮಾಡುವ ನೆಪದಲ್ಲಿ ಕಂಪನಿ ಆ ಗೋಡೆಯನ್ನು ಕೆಡವಿಸಿತು. ಈಗ ಅಲ್ಲಿ ನಿಂತರೆ ಎಲ್ಲ ಅಂಗೈಯಂಥ ಬಯಲು. ಜೊತೆಯ ಡ್ರೈವರುಗಳು ಬಾಯಿ ಹೊಲಿದುಕೊಂಡರು, ಅವರಿಗೂ ಮಕ್ಕಳುಮರಿ.

"ತಪ್ಪು ಇವರದೇ ಅಂತಾದ್ರೆ ಕೆಲಸ ಹೋಗೋದಷ್ಟೇ ಅಲ್ಲ ಕಣೋ," ಎಂದಳು ಅಕ್ಕ. "ಪೊಲೀಸಿಗೆ ಒಪ್ಪಿಸ್ತಾರಂತೆ. ಜೈಲು. ಯಾರ ಹತ್ರಾನೂ ಒಂದು ಫೋಟೋ ಇಲ್ಲ. ಗೋಡೆಯ ಫೋಟೋ ಯಾರು ತೆಗೀತಾರೆ ಹೇಳು?"

ಟ್ರಾಮಣ್ಣ ದಿಗ್ಗನೆ ಎದ್ದ. "ಅಕ್ಕಾ, ಗೋಡೆ ಎಲ್ಲಿ ಹೋಗಿದೆ? ನಮ್ಮನೇಲಿದೆಯಲ್ಲ!"

ಮೇಜನ್ನು ಜೋಡಣೆಯ ಬಳಿ ಬಿಚ್ಚಿ, ತಿರುವಿರುವ ಭಾಗವನ್ನಷ್ಟೇ ಬಟ್ಟೆಯಲ್ಲಿ ಸುತ್ತಿ ವಿಚಾರಣೆಯ ಕೋಣೆಗೆ ತಂದರು. ಅಧಿಕಾರಿ ನೆರೆತ ತಲೆಯ ಮನುಷ್ಯ, ಒರಟನಲ್ಲ. ಬಟ್ಟೆ ಸರಿದದ್ದೇ ಅವನ ಮುಖ ಅರಳಿತು.

"ಇದನ್ನ ನೀವೇ ಮಾಡಿದ್ದಾ? ಎಷ್ಟರಮಟ್ಟಿಗೆ ನಿಜ ಇದು?"

"ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ, ಸ್ವಾಮಿ. ಒಂದೊಂದು ಇಟ್ಟಿಗೆಯನ್ನೂ ಕೈಯಲ್ಲಿ ಗೀರಿದ್ದೀನಿ. ಇಲ್ಲಿ ನೋಡಿ, ಲಾರಿ ಗುದ್ದಿ ಮುಕ್ಕಾದ ಮೂಲೆ. ಇದು ನೀರು ಸೋರಿದ ಕಲೆ."

ಕಂಪನಿಯ ವಕೀಲನೂ ಬಗ್ಗಿ ನೋಡಿದ. ಗುಮಾಸ್ತ ಬರೆದುಕೊಂಡ. ಅಷ್ಟು ದಿನ ತಲೆ ತಗ್ಗಿಸಿಕೊಂಡೇ ಇದ್ದ ಭಾವ ಬೆನ್ನು ನೆಟ್ಟಗೆ ಮಾಡಿ ಕುಳಿತ. ಟ್ರಾಮಣ್ಣನ ಎದೆ ತುಂಬಿ ಬಂತು. ಇಷ್ಟು ವರ್ಷ ಆಟ ಎನ್ನಿಸಿಕೊಂಡದ್ದು ಇವತ್ತು ಒಬ್ಬರ ಬಾಳು ಕಾಯಲು ನಿಂತಿತ್ತು. ದೇವರು ಯಾವುದನ್ನೂ ಸುಮ್ಮನೆ ಕೊಡುವುದಿಲ್ಲ ಎಂದುಕೊಂಡ.

ಅಧಿಕಾರಿ ನೆಲಕ್ಕೆ ಮಂಡಿಯೂರಿದ. ಗಲ್ಲವನ್ನು ಹಲಗೆಯ ಅಂಚಿಗಿಟ್ಟು, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಪುಟ್ಟ ಟ್ರಾಮಿನ ಕಿಟಕಿಯ ಮಟ್ಟಕ್ಕೆ ತಂದ.

"ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಇನ್ನೂ ಸ್ವಲ್ಪ."

ಟ್ರಾಮಣ್ಣ ಬೆರಳಿಂದ ಟ್ರಾಮನ್ನು ಹಿಂದಕ್ಕೆ ತಳ್ಳಿದ.

"ಇಲ್ಲಿಂದಲೇ ದಾಟೋ ಜಾಗ ಚೆನ್ನಾಗಿ ಕಾಣ್ತಾ ಇದೆಯಲ್ಲ," ಎಂದ ಅಧಿಕಾರಿ. ಆ ದನಿಯಲ್ಲಿ ನಿಜಕ್ಕೂ ಬೇಸರವಿತ್ತು.

ಟ್ರಾಮಣ್ಣನಿಗೆ ಆಗ ನೆನಪಾಯಿತು. ಮೊದಲು ಕಟ್ಟಿದಾಗ ಗೋಡೆ ತನ್ನ ಜಾಗದಲ್ಲೇ ಇತ್ತು. ಆದರೆ ಟ್ರಾಮು ತಿರುವಿಗೆ ಬಂದರೆ ಗೋಡೆಯ ಹಿಂದೆ ಮರೆಯಾಗುತ್ತಿತ್ತು. ನೋಡಲು ಬಂದ ಮಕ್ಕಳು "ಎಲ್ಲಿ ಹೋಯ್ತು, ಎಲ್ಲಿ ಹೋಯ್ತು" ಎಂದು ಗೋಳು ಹೊಯ್ದುಕೊಂಡಾಗ, ಗೋಡೆ ಕಿತ್ತು ಎರಡು ಬೆರಳು ಹಿಂದಕ್ಕೆ ಅಂಟಿಸಿದ್ದ. ಟ್ರಾಮು ಕಟ್ಟುವವರೆಲ್ಲ ಮಾಡುವುದೇ ಇದು. ಗುಡ್ಡ ತಗ್ಗಿಸುತ್ತಾರೆ, ಮನೆ ಬಿಡುತ್ತಾರೆ, ಕಣ್ಣಿಗೆ ಟ್ರಾಮು ಸಿಗಬೇಕು ಅಷ್ಟೆ. ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಆಮೇಲೆ ದಿನಾ ಸಂಜೆ ಆ ಮೇಜಿನ ಮುಂದೆ ನಿಂತೂ ನಿಂತೂ, ಅವನ ಮನಸ್ಸಿನೊಳಗಿನ ಗೋಡೆಯೂ ಎರಡು ಬೆರಳು ಹಿಂದೆ ಸರಿದು ಕುಳಿತಿತ್ತು.

"ಸ್ವಾಮಿ, ಗೋಡೆ ಅಲ್ಲಲ್ಲ. ಇನ್ನೂ ಮುಂದಿತ್ತು. ಹಳಿಗೆ ತಾಗಿದ ಹಾಗೇ ಇತ್ತು. ನಾನೇ ಸರಿಸಿದ್ದು."

"ಈಗ ತಾನೇ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಅಂದ್ರಿ?"

"ಅಂದೆ. ಗೋಡೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ..."

"ನನಗೆ ಬೇಕಾಗಿರೋದು ಗೋಡೆ ಒಂದೇ, ಅಪ್ಪಾ."

"ಆರೋಪಿ ಇವರಿಗೇನಾಗಬೇಕು ಅಂತಲೂ ಬರೆದುಕೊಳ್ಳಿ," ಎಂದ ವಕೀಲ, ಯಾರ ಮುಖವನ್ನೂ ನೋಡದೆ.

ಟ್ರಾಮಣ್ಣನ ಕೈ ತನಗೆ ತಿಳಿದದ್ದನ್ನು ಮಾಡಿತು. ಉಗುರನ್ನು ಗೋಡೆಯ ಬುಡಕ್ಕೆ ಕೊಟ್ಟು ಮೀಟಿದ. ಹಳೆಯ ಅಂಟು ಚಟ್ ಎಂದು ಬಿಟ್ಟಿತು. ಗೋಡೆಯನ್ನು ಹಳಿಯ ಪಕ್ಕಕ್ಕೆ ತಂದು ಹಿಡಿದು, "ಇಲ್ಲಿತ್ತು, ಸ್ವಾಮಿ. ದೇವರಾಣೆಗೂ ಇಲ್ಲಿತ್ತು. ಈಗ ನೋಡಿ, ಈಗ ಬಗ್ಗಿ ನೋಡಿ," ಎಂದು ಬಡಬಡಿಸಿದ.

ಅಧಿಕಾರಿ ಮಂಡಿ ಒರೆಸಿಕೊಂಡು ಎದ್ದ. "ಬೇಕಾದ ಕಡೆ ಇಡೋಕೆ ಆಗುತ್ತೆ ಅಂತ ನೀವೇ ತೋರಿಸಿಕೊಟ್ರಲ್ಲ. ಕೈ ತೆಗೀರಿ."

ಮಧ್ಯಾಹ್ನದ ಹೊತ್ತಿಗೆ ತೀರ್ಪು ಬಂತು. ತಪ್ಪು ಡ್ರೈವರನದೇ, ಮುಂದಿನದನ್ನು ಪೊಲೀಸರು ನೋಡಿಕೊಳ್ಳುತ್ತಾರೆ, ಮರುದಿನ ಬೆಳಿಗ್ಗೆ ಠಾಣೆಗೆ ಹಾಜರಾಗಬೇಕು. ಭಾವ ಕಂಪನಿಯ ಟೋಪಿಯನ್ನು ಗುಮಾಸ್ತನ ಮೇಜಿನ ಮೇಲಿಟ್ಟು ಹೊರಬಂದ.

ಹಲಗೆಯನ್ನು ಅಲ್ಲೇ ಬಿಟ್ಟು ಹೋಗುವಂತಿರಲಿಲ್ಲ. ಒಂದು ತುದಿ ಅವನು ಹಿಡಿದ, ಇನ್ನೊಂದು ಟ್ರಾಮಣ್ಣ. ಮೆಟ್ಟಿಲ ಕೆಳಗೆ, ಬಾಗಿಲ ಬಳಿ ಅಕ್ಕ ಕಾಯುತ್ತಿದ್ದಳು. ಟ್ರಾಮಣ್ಣ ಹಿಂದುಹಿಂದಕ್ಕೆ ಇಳಿಯುತ್ತಿದ್ದ. ಅವಳ ಮುಖ ನೋಡುವುದು ಸದ್ಯಕ್ಕೆ ತಪ್ಪಿತ್ತು.

"ಯಾಕೋ ಸರಿಸಿದ್ದೆ?" ಭಾವ ಮೆಲ್ಲಗೆ ಕೇಳಿದ.

"ಟ್ರಾಮು ಕಾಣಲಿ ಅಂತ, ಭಾವ."

ಹಲಗೆ ಅವರಿಬ್ಬರ ನಡುವೆ ಒಂದೊಂದೇ ಮೆಟ್ಟಿಲು ಇಳಿಯಿತು.

"ಆ ಹೆಣ್ಣುಮಗಳಿಗೂ ಅದೇ ಗೋಡೆ ಅಡ್ಡ ಇತ್ತು ಕಣೋ," ಎಂದ ಭಾವ ಕೊನೆಗೆ. "ಅವಳಿಗೂ ನಾನು ಕಾಣಲಿಲ್ಲ." ಆಮೇಲೆ, ಹಲಗೆಯ ಭಾರವನ್ನು ಇನ್ನಷ್ಟು ತನ್ನ ಕಡೆಗೆ ಎಳೆದುಕೊಳ್ಳುತ್ತ, "ನಿಧಾನ. ಕಾಲಿಡೋ ಮುಂಚೆ ತಡವಿ ನೋಡು. ಇನ್ನೂ ಮೆಟ್ಟಿಲಿದೆ," ಎಂದ.