ಹೊಸಿಲಿನ ಕೆಳಗಿನ ಸ್ವರ

ನನ್ನ ಅಪ್ಪ ಪಾಶ್ಚಾತ್ಯ ಸಂಗೀತ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸ್ವರಲಿಪಿ ಕಲಿಸಿದವರು. ಮಕ್ಕಳು ಅವರಿಗಿಟ್ಟ ಹೆಸರು ಕೆಂಪು ಪೆನ್ಸಿಲ್. ಯಾರು ಏನು ಬರೆದು ತಂದರೂ ಅಪ್ಪ ಮೊದಲು ಹುಡುಕುತ್ತಿದ್ದದ್ದು ಒಂದನ್ನೇ: ವಾದ್ಯಕ್ಕೆ ಎಟುಕದ ಸ್ವರ ಎಲ್ಲಾದರೂ ನುಸುಳಿದೆಯೇ? ಸಿಕ್ಕಿತೋ, ಅದರ ಸುತ್ತ ಒಂದು ಕೆಂಪು ಸೊನ್ನೆ. ಪರೀಕ್ಷೆಯಲ್ಲೂ ಅದೇ ಸೊನ್ನೆ.

"ಯಾವ ವಾದ್ಯಕ್ಕೆ ಬರೀತಿದ್ದೀಯ ಅಂತ ಮೊದ್ಲು ನೋಡ್ಕೊ. ಆಮೇಲೆ ಪೆನ್ನು ಹಿಡಿ" ಎಂದು ಬೈಯುತ್ತಿದ್ದರು. ಅತ್ತುಕೊಂಡು ಮನೆಗೆ ಹೋದವರಿಗೆ ಲೆಕ್ಕವಿಲ್ಲ.

ನನಗೂ ಕಲಿಸಿದ್ದು ಅವರೇ. ಏಳು ವರ್ಷದವಳನ್ನು ಊಟದ ಮೇಜಿನ ಮುಂದೆ ಕೂರಿಸಿ, ಕಾಗದದ ಮೇಲೆ ಐದು ಗೆರೆ ಎಳೆದರು. ಗೆರೆಯ ಮೇಲೊಂದು ಗುಂಡು, ಗೆರೆಗಳ ನಡುವೆ ಒಂದು ಗುಂಡು. ಗುಂಡು ಹತ್ತಿದಷ್ಟೂ ಸ್ವರ ಮೇಲೆ, ಇಳಿದಷ್ಟೂ ಕೆಳಗೆ. ಐದು ಗೆರೆ ಸಾಲದಾದಾಗ ಅವುಗಳ ಕೆಳಗೆ ಒಂದು ತುಂಡುಗೆರೆ ಎಳೆದು ಅದರ ಮೇಲೊಂದು ಗುಂಡು ಕೂರಿಸಿದರು.

"ಇದು ನಿನ್ನ ಕೊಳಲಿನ ಹೊಸಿಲು. ಎಲ್ಲಾ ತೂತೂ ಮುಚ್ಚಿ ಊದಿದ್ರೆ ಬರೋದು ಇದೇ. ಮೇಲಕ್ಕೆ ಮೂರು ಸ್ಥಾಯಿ ಬೇಕಾದ್ರೆ ಹತ್ತು, ಯಾರೂ ಬೇಡ ಅನ್ನಲ್ಲ. ಇದರ ಕೆಳಗೆ ಮಾತ್ರ ನಿಂಗೆ ಜಾಗ ಇಲ್ಲ."

"ಅಕ್ಕಂಗೆ?"

"ಅಕ್ಕನ ಪಿಟೀಲಿಗೆ ಇದೆ." ಅಪ್ಪ ಇನ್ನೊಂದು ತುಂಡುಗೆರೆ ಎಳೆದು, ಅದಕ್ಕೆ ಜೋತುಬಿದ್ದ ಹಾಗೆ ಒಂದು ಗುಂಡು ಬರೆದರು. ಪಿಟೀಲಿನ ದಪ್ಪ ತಂತಿಯ ಮೇಲೆ ಬೆರಳಿಡದೆ ಕಮಾನು ಎಳೆದರೆ ಬರುವ ಸ್ವರ ಅದು. ಹೇಳುವಾಗ ಅವರ ದನಿ ಮೆತ್ತಗಾಗಿತ್ತು. ಆ ದನಿಯಲ್ಲಿ ಅವರು ನನ್ನ ವಾದ್ಯದ ಬಗ್ಗೆ ಎಂದೂ ಮಾತಾಡಿದವರಲ್ಲ.

ಮುಂದೆ ಅಕ್ಕನಿಗೆಂದು ಅಪ್ಪ ಹನ್ನೊಂದು ಕೃತಿ ಬರೆದರು. ನನಗೆ ಒಂದೂ ಇಲ್ಲ. ಕೇಳಿದಾಗಲೆಲ್ಲ "ನಿಂದು ತಲೇಲಿದೆ, ಕೂತು ಬರೀಬೇಕಷ್ಟೆ" ಎನ್ನುತ್ತಿದ್ದರು. ಅವರು ಕೂರಲಿಲ್ಲ, ನಾನು ಕಾಯುವುದನ್ನು ಬಿಡಲಿಲ್ಲ. ನಾಟಕ ಕಂಪನಿಯ ವಾದ್ಯವೃಂದ ಸೇರಿ, ವೇದಿಕೆಯ ಕೆಳಗಿನ ಗುಂಡಿಯಲ್ಲಿ ಕೂತು, ನಾಯಕಿ ತೋಟಕ್ಕೆ ಬಂದಾಗಲೆಲ್ಲ ಹಕ್ಕಿಯ ಹಾಗೆ ಊದುತ್ತಾ ನಲವತ್ತು ದಾಟಿದೆ. ನಾಚಿಕೆಗೇಡು, ಆದರೂ ಆಸೆ ಹೋಗಲಿಲ್ಲ.

ಅಪ್ಪನ ನಿವೃತ್ತಿಯ ಸಮಾರಂಭಕ್ಕೆ ಮೂರು ವಾರವಿದ್ದಾಗ ಅಕ್ಕ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡಳು. ನಾಲ್ಕನೆಯ ದಿನ ಅಪ್ಪ ನನ್ನ ಮನೆಗೆ ಬಂದರು. ಬಂದವರೇ ಚೀಲದಿಂದ ನಾಲ್ಕು ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ತಗೋ. ನಿಂಗೇಂತ್ಲೇ ಬರೆದಿದ್ದು. ಸಮಾರಂಭದಲ್ಲಿ ನುಡಿಸು."

ಮೇಲ್ಗಡೆ ಅವರ ದುಂಡನೆಯ ಅಕ್ಷರದಲ್ಲಿ 'ಕೊಳಲಿಗೆ' ಎಂದಿತ್ತು. ನನಗೆ ಕಣ್ಣು ತುಂಬಿ ಬಂತು. ಕೂತುಕೊಳ್ಳಿ ಎನ್ನಲೂ ಮರೆತೆ.

ಅವರು ಹೋದೊಡನೆ ಅಕ್ಕನಿಗೆ ಫೋನ್ ಮಾಡಿದೆ. ಅವಳು ನಿಜವಾಗಿಯೂ ಹಿಗ್ಗಿದಳು. "ಅಂತೂ ಬರೆದ್ರಲ್ಲೇ! ನಂಗೂ ಒಂದು ಬರೀತಿದ್ರು, ಎರಡು ತಿಂಗಳಿಂದ. ಈಗ ಅದನ್ನ ಅರ್ಧಕ್ಕೇ ನಿಲ್ಲಿಸಿದ್ರಂತೆ. ಪಾಪ, ನನ್ನ ಕೈ ನೋಡಿ ಬೇಜಾರಾಗಿರ್ಬೇಕು."

ಕೊಳಲಿನ ಮೂರು ತುಂಡು ಜೋಡಿಸಿ ನುಡಿಸತೊಡಗಿದೆ. ಸುಳ್ಳು ಹೇಳಬಾರದು, ಅಷ್ಟು ಚೆಂದದ ರಾಗವನ್ನು ಅಪ್ಪ ಹಿಂದೆ ಬರೆದಿರಲಿಲ್ಲ. ಕೊನೆಯ ಹಾಳೆಯ ಕೊನೆಯ ಸಾಲಿನಲ್ಲಿ ಅದು ಒಂದೊಂದೇ ಮೆಟ್ಟಿಲು ಇಳಿದು ನನ್ನ ಹೊಸಿಲಿಗೆ ಬಂತು. ಅಲ್ಲಿ ನಿಲ್ಲಲಿಲ್ಲ. ಮುಂದೆ ಎರಡು ತುಂಡುಗೆರೆ, ಅದಕ್ಕೆ ಜೋತುಬಿದ್ದ ಗುಂಡು, ಪೂರ್ತಿ ನಾಲ್ಕು ಎಣಿಕೆ.

ಮರೆತಿರಬೇಕು ಎಂದುಕೊಳ್ಳಲು ಒದ್ದಾಡಿದೆ. ಕೆಂಪು ಪೆನ್ಸಿಲ್ ಮರೆಯುವುದುಂಟೆ? ಮೊದಲ ಹಾಳೆಯನ್ನು ಕಿಟಕಿಗೆ ಹಿಡಿದೆ. ಶಾಯಿಯಲ್ಲಿ ತಪ್ಪಾದರೆ ಅಪ್ಪ ಬ್ಲೇಡಿನಿಂದ ಹೆರೆದು ಮತ್ತೆ ಬರೆಯುವವರು. ಹೆರೆದ ಕಡೆ ಕಾಗದ ತೆಳುವಾಗಿ ಬೆಳಕು ಬಿಡುತ್ತದೆ. 'ಪಿಟೀಲಿಗೆ' ಎಂಬುದರ ಮೊದಲೆರಡು ಅಕ್ಷರ ಹೆರೆದಿದ್ದರು. ಉಳಿದದ್ದನ್ನು ಮುಟ್ಟಿರಲಿಲ್ಲ. ಅಂದರೆ ಇಷ್ಟು ವರ್ಷ ಕಾದದ್ದಕ್ಕೆ ಅಪ್ಪ ನನಗಾಗಿ ಬರೆದದ್ದು ಎರಡಕ್ಷರ.

ಮರುದಿನ ಹೋಗಿ ಕೇಳಿದೆ. "ಅಪ್ಪಾ, ಕೊನೇ ಸ್ವರ ಕೊಳಲಲ್ಲಿ ಇಲ್ಲ."

ಅವರು ತಲೆಯೆತ್ತಲಿಲ್ಲ. "ಒಂದು ಸ್ವರ ತಾನೇ? ಒಂದು ಸ್ಥಾಯಿ ಮೇಲೆ ನುಡಿಸು. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲಪ್ಪಾ."

"ನಿಂದು ಯಾವಾಗ್ಲೂ ಇದೇ ಗೋಳು. ಕೊಡದಿದ್ರೂ ತಪ್ಪು, ಕೊಟ್ರೂ ತಪ್ಪು."

ಮೈ ಉರಿದುಹೋಯಿತು. ಆದರೂ ಒಪ್ಪಿಕೊಂಡೆ. ಮನಸ್ಸಿನಲ್ಲಿ ಒಂದು ಲೆಕ್ಕವಿತ್ತು.

ಸಮಾರಂಭದ ದಿನ ಶಾಲೆಯ ಸಭಾಂಗಣ ಕಿಕ್ಕಿರಿದಿತ್ತು. ಅಪ್ಪನಿಂದ ಸೊನ್ನೆ ತಿಂದವರೆಲ್ಲ ಬಂದಿದ್ದರು. ಮುಂದಿನ ಸಾಲಿನಲ್ಲಿ ಅಪ್ಪ, ಪಕ್ಕದಲ್ಲಿ ಪ್ಲಾಸ್ಟರ್ ಕೈಯ ಅಕ್ಕ. ನಾನು ಒಂದೂ ಸ್ವರ ಬಿಡದೆ ನುಡಿಸಿಕೊಂಡು ಬಂದು ಹೊಸಿಲಿಗೆ ಇಳಿದೆ. ಆಮೇಲೆ ಎಲ್ಲಾ ತೂತೂ ಮುಚ್ಚಿ, ಕೊಳಲನ್ನು ತುಟಿಯ ಮೇಲೇ ಇಟ್ಟುಕೊಂಡು, ಊದದೆ, ಅಪ್ಪನನ್ನೇ ನೋಡುತ್ತಾ ನಾಲ್ಕು ಎಣಿಸಿದೆ. ಅಲ್ಲಿ ನನ್ನದಲ್ಲದ ಒಂದು ಸ್ವರವಿದೆ ಎಂದು ಅವರು ಎಲ್ಲರೆದುರು ಒಪ್ಪಿಕೊಳ್ಳಲಿ ಎಂಬ ಹಟ ನನ್ನದು. ಅಪ್ಪ ಕಣ್ಣು ತಗ್ಗಿಸಿದರು.

ಚಪ್ಪಾಳೆ ನಿಲ್ಲಲೇ ಇಲ್ಲ. ಪ್ರಾಂಶುಪಾಲರು ಓಡಿಬಂದು ಅಪ್ಪನ ಕೈ ಹಿಡಿದುಕೊಂಡರು. "ಕೊನೇಲಿ ಆ ಮೌನ ಇಟ್ರಲ್ಲ ಮೇಷ್ಟ್ರೇ, ಮೈ ಜುಂ ಅಂತು!"

"ಅದಕ್ಕೇ ತುಂಬಾ ಒದ್ದಾಡಿದ್ದು" ಎಂದರು ಅಪ್ಪ. "ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು ನೋಡಿ." ನನ್ನ ಮುಂದೆಯೇ ಹೇಳಿದರು, ಒಂದಿಷ್ಟೂ ತಡವರಿಸದೆ.

ಅಕ್ಕನ ಪ್ಲಾಸ್ಟರ್ ತೆಗೆದು ಕೈ ಪಳಗಲು ಎರಡು ತಿಂಗಳಾಯಿತು. ಒಂದು ಬೆಳಿಗ್ಗೆ ಅವಳ ಫೋನ್ ಬಂತು.

"ಅಪ್ಪ ನಿನ್ನ ಕೃತೀನ ಪಿಟೀಲಿಗೆ ಹೊಂದಿಸಿಕೊಟ್ಟಿದ್ದಾರೆ ಕಣೇ. ನೀನು ಸುಮ್ನಿದ್ಯಲ್ಲ, ಆ ಜಾಗಕ್ಕೆ ನಂಗೋಸ್ಕರ ಒಂದು ಸ್ವರ ಸೇರಿಸಿದ್ದಾರೆ. ಬೇಜಾರಿಲ್ಲ ತಾನೇ? ನಿನ್ನನ್ನ ಕೇಳದೆ ನುಡಿಸಬಾರದು ಅನ್ನಿಸ್ತು."

"ನುಡಿಸಕ್ಕಾ" ಎಂದೆ.

ಅವಳು ಫೋನನ್ನು ಪಕ್ಕದಲ್ಲಿಟ್ಟು ನುಡಿಸಿದಳು. ಕೊನೆಗೆ ಆ ಸ್ವರ ಬಂತು, ಬೆರಳಿಡದ ದಪ್ಪ ತಂತಿಯಿಂದ, ಪೂರ್ತಿ ನಾಲ್ಕು ಎಣಿಕೆ. ಅದು ಬಂದಾಗಲೇ ರಾಗ ಮುಗಿದ ಹಾಗಾಯಿತು.

"ಹೇಗಿದೆ?" ಎಂದಳು.

"ಸರಿಯಾಗಿದೆ" ಎಂದೆ.