ಎಡತೋಳಿನ ಪಟ್ಟಿ

“ಪಟ್ಟಿ ಬೇಡ್ವಂತೆ ಮಹಾರಾಜರಿಗೆ! ಇಟ್ಟಿಗೆ ಹೊತ್ತ ತಲೆ ತಾನೆ, ಒಳಗೂ ಮಣ್ಣೇ ತುಂಬಿದೆ. ಬೋಳಿಮಗನೇ, ಬಡ್ತಿ ಕೊಡ್ತೀನಿ ಅಂದ್ರೆ ಒಲ್ಲೆ ಅಂತೀಯಾ?”

ಸಾಹೇಬನ ಉಗುಳು ಮುಖಕ್ಕೆ ಸಿಡಿದರೂ ಸಿಪಾಯಿ ಒರೆಸಿಕೊಳ್ಳಲಿಲ್ಲ. ಇಟ್ಟಿಗೆ ಗೂಡಿನಿಂದ ಸೈನ್ಯಕ್ಕೆ ಬಂದವನಾದ್ದರಿಂದ ಅವನನ್ನು ಎಲ್ಲರೂ ‘ಇಟ್ಟಿಗೆ’ ಎಂದೇ ಕರೆಯುತ್ತಿದ್ದರು. ಅವನ ಕೊಠಡಿಯ ಜೊತೆಗಾರರೆಲ್ಲ ಬಂದೂಕುಗಳನ್ನು ತಲೆಯ ಮೇಲೆತ್ತಿ ಬಿಸಿಲಿನಲ್ಲಿ ನಿಂತಿದ್ದರು. ಅವನು ಒಪ್ಪುವವರೆಗೂ ಅವರು ಕೈ ಇಳಿಸುವಂತಿರಲಿಲ್ಲ.

ಆ ಪಾಳೆಯದಲ್ಲಿ ಒಂದು ಪದ್ಧತಿಯಿತ್ತು. ತೋಳಿಗೆ ಮೊದಲ ಪಟ್ಟಿ ಹೊಲಿಸಿಕೊಂಡವನು ತನ್ನ ಕೊಠಡಿಯವನೊಬ್ಬನ ಕೆನ್ನೆಗೆ ಎಲ್ಲರೆದುರು ಬಾರಿಸಬೇಕು. ಯಾರಿಗೆಂದು ಸಾಹೇಬ ಬೆರಳು ತೋರಿಸುತ್ತಿದ್ದ. ಹೊಡೆದವನನ್ನು ಆಮೇಲೆ ಯಾರೂ ಅಣ್ಣ ಎನ್ನುತ್ತಿರಲಿಲ್ಲ; ಸಾಹೇಬನಿಗೆ ಬೇಕಾದದ್ದೂ ಅದೇ. ಇದನ್ನು ‘ಕೈ ಪಳಗಿಸುವುದು’ ಎನ್ನುತ್ತಿದ್ದರೆಂದು ಪಾಳೆಯದ ದರ್ಜಿ ಹೇಳುತ್ತಾನೆ.

ಸಾಹೇಬ ನೀರು ಕುಡಿಯಲು ಕಚೇರಿಯ ಜಗಲಿಗೆ ಹೋದಾಗ ಸಾಲಿನಲ್ಲಿದ್ದ ‘ಗೊರಕೆ’ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. ರಾತ್ರಿಯಿಡೀ ಕೊಠಡಿಯ ನಿದ್ದೆ ಕೆಡಿಸುತ್ತಿದ್ದವನಿಗೆ ಜೊತೆಗಾರರು ಇಟ್ಟ ಹೆಸರು ಅದು.

“ಒಂದೇಟು ಹಾಕಿ ಮುಗ್ಸೋ ಮಾರಾಯ. ನನಗೇ ಹಾಕು. ನನ್ನ ಕೆನ್ನೆ ಏನು ಗಾಜಿಂದಾ? ನಮ್ಮಮ್ಮನ ಏಟಿನ ಮುಂದೆ ನಿಂದ್ಯಾವ ಲೆಕ್ಕ!”

“ಗೂಡಿನ ಯಜಮಾನ ನಮ್ಮಪ್ಪನ ಮೇಲೆ ಒಂದಿನಾನೂ ಕೈ ಮಾಡ್ಲಿಲ್ಲ ಕಣೋ. ಚಿಕ್ಕಪ್ಪಂಗೆ ಮೇಸ್ತ್ರಿ ಕೆಲಸ ಕೊಟ್ಟು, ಅವನ ಕೈಲೇ ಹೊಡೆಸ್ದ. ಸಾಯೋವರ್ಗೂ ಅಣ್ಣತಮ್ಮ ಮಾತಾಡ್ಲಿಲ್ಲ.”

“ಏನೋ ಗುಸುಗುಸು?” ಸಾಹೇಬನ ಬೂಟು ಇಟ್ಟಿಗೆಯ ಮೊಣಕಾಲಿಗೆ ಬಡಿಯಿತು. “ನಾಯಿಗಳನ್ನ ನಾಯಿ ಕೈಲೇ ಕಚ್ಚಿಸ್ಬೇಕು. ಆಗಲೇ ನೀವು ನೆಟ್ಟಗಾಗೋದು.”

ಅಷ್ಟರಲ್ಲಿ ಗೊರಕೆಯ ಕೈಯಿಂದ ಬಂದೂಕು ಜಾರಿತು. ಅದರ ಹಿಂದೆಯೇ ಅವನೂ ಕುಸಿದ. ಎತ್ತಲು ಯಾರಿಗೂ ಅಪ್ಪಣೆಯಿರಲಿಲ್ಲ. ಅವನ ತುಟಿಯ ಮೇಲೊಂದು ನೊಣ ಬಂದು ಕೂತಿತು.

ಇಟ್ಟಿಗೆ ಆ ನೊಣವನ್ನೇ ನೋಡಿದ.

“ಹೊಲಿಸಿ ಸಾರ್. ಹಾಕ್ಕೋತೀನಿ.”

ದರ್ಜಿ ಬಂದು, ಮೈದಾನದ ನಡುವೆ, ತೊಟ್ಟ ಅಂಗಿಯ ಮೇಲೆಯೇ ಪಟ್ಟಿ ಹೊಲಿಯಬೇಕಾಯಿತು. ಸೂಜಿ ಚರ್ಮಕ್ಕೆ ಚುಚ್ಚಿತೆಂದು ಅವನು ಹೇಳುತ್ತಾನೆ. ಚುಚ್ಚಲೇ ಇಲ್ಲ ಎನ್ನುವವರೂ ಇದ್ದಾರೆ.

“ನೋವಾಯ್ತೇನಪ್ಪ?”

“ಗಟ್ಟಿಯಾಗಿ ಹೊಲಿ ಮಾವ. ಕಿತ್ಕೊಂಡು ಬರಬಾರ್ದು.”

ಸಾಹೇಬ ನಕ್ಕ. “ಈಗ ಮನುಷ್ಯನಾದೆ ನೋಡು. ಇನ್ಮೇಲೆ ಇವರೆಲ್ಲ ನೀನು ಹೇಳ್ದಂಗೆ ಕೇಳ್ಬೇಕು.” ಬಿದ್ದಿದ್ದ ಗೊರಕೆಯತ್ತ ಬೆರಳು ತೋರಿಸಿದ. “ಎಬ್ಬಿಸು ಅವನ್ನ. ಬಾರಿಸು.”

ಇಟ್ಟಿಗೆ ಬಗ್ಗಿ ಗೊರಕೆಯನ್ನು ಎತ್ತಿ, ಗೂಡಿನ ಹೊರೆಯಂತೆ ಹೆಗಲಿಗೇರಿಸಿಕೊಂಡ. ಮೈದಾನ ಅದುರುವಂತೆ ಕೂಗಿದ:

“ಬಂದೂಕು ಇಳ್ಸಿ! ನೆರಳಿಗೆ ನಡೀರಿ!”

ಅದು ಪಟ್ಟಿ ತೊಟ್ಟವನ ಅಪ್ಪಣೆ. ಬಂದೂಕುಗಳು ಒಟ್ಟಿಗೆ ಇಳಿದವು. ಸಾಲು ತಿರುಗಿ, ಹೆಜ್ಜೆ ತಪ್ಪದೆ ನಡೆದು, ಸಾಹೇಬನ ಜಗಲಿಯನ್ನೇ ಹತ್ತಿತು. ಗೊರಕೆಯನ್ನು ಸಾಹೇಬನ ಕುರ್ಚಿಯಲ್ಲಿ ಒರಗಿಸಿ, ಸಾಹೇಬನ ಹೂಜಿಯಿಂದ ನೀರು ಕುಡಿಸಿದರು.

“ನಿಲ್ರೋ! ಸೂಳೆಮಕ್ಕಳಾ, ನಿಲ್ರೋ!” ಸಾಹೇಬನ ಗಂಟಲು ಒಡೆಯಿತು. ಯಾರೂ ತಿರುಗಿ ನೋಡಲಿಲ್ಲ. “ಏಯ್ ದರ್ಜಿ, ಕೀಳೋ ಆ ಪಟ್ಟಿನ! ಹಾಕೋ ಕತ್ತರಿ!”

ಮೈದಾನದಲ್ಲಿ ಸಾಹೇಬನ ಜೊತೆ ದರ್ಜಿಯೊಬ್ಬನೇ ಉಳಿದಿದ್ದ. ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಅವನ ಕತ್ತರಿ ಬಿಸಿಲಿಗೆ ಎಲ್ಲರಿಗೂ ಕಾಣುವಂತೆ ಹೊಳೆಯುತ್ತಿತ್ತು.

“ಕತ್ತರಿ ತಂದಿಲ್ಲ ಸಾರ್,” ಎಂದ.